ಕಪ್ ಲೆಕ್ಕ ಆಮೇಲಿರಲಿ, ಮಕ್ಕಳ ಲೆಕ್ಕ ಹೇಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ಶಾಲೆ ಶುರುವಾಗಿ ಒಂದೆರಡು ತಿಂಗಳಾಯಿತು ಅನ್ನುವಷ್ಟರಲ್ಲಿ ನಮ್ಮ ಹಾಸನ ಜಿಲ್ಲೆಯಲ್ಲಿ ಕ್ರೀಡಾಕೂಟಗಳ ಗಡಿಬಿಡಿ ಹತ್ತಿಕೊಳ್ಳುತ್ತದೆ. ಮೊದಲು ಹೋಬಳಿ, ಆಮೇಲೆ ತಾಲೂಕು, ಆಮೇಲೆ ಜಿಲ್ಲೆ. ಸಕಲೇಶಪುರದ ಕಡೆ ಮಳೆ ಬಿಡುವುದಿಲ್ಲ, ಅರಸೀಕೆರೆಯ ಕಡೆ ಧೂಳು ಏಳುತ್ತದೆ. ಎರಡೂ ಕಡೆ ಮಕ್ಕಳು ಜೀವ ಬಿಟ್ಟು ಆಡುತ್ತಾರೆ. ಆದರೆ ನಾಕೌಟ್ ಪದ್ಧತಿಯಲ್ಲಿ ಮೊದಲ ಪಂದ್ಯಕ್ಕೇ ಅರ್ಧ ತಂಡಗಳು ಹೊರಗೆ. ಆ ಮಕ್ಕಳಿಗೆ ಆ ವರ್ಷದ ಆಟ ಅಲ್ಲಿಗೆ ಮುಗಿಯಿತು. ಕಲಿಯುವ ವಯಸ್ಸಿನ ಮಕ್ಕಳಿಗೆ ಇದು ಸರಿಯಾ?

ನಾನು ಈ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿಯಾಗಿದ್ದು ನಿವೃತ್ತಳಾದವಳು. ಹುಡುಗಿಯರಿಗೆ ಹಾಕಿ ಕಲಿಸುತ್ತಿದ್ದೆ. ಇವತ್ತು ಹೇಳಬೇಕೆಂದಿರುವುದು ಬೇರೊಂದು ಹಾಕಿಯ ವಿಷಯ. ಅದು ಐಸ್ ಹಾಕಿ. ಮಗಳು ಕೆನಡಾದ ಕ್ಯಾಲ್ಗರಿಯಲ್ಲಿದ್ದಾಳೆ. ಒಂದು ಚಳಿಗಾಲ ಅಲ್ಲಿದ್ದೆ. ಏಳು ವರ್ಷದ ಮೊಮ್ಮಗನನ್ನು ಅಭ್ಯಾಸಕ್ಕೆ ಕರೆದುಕೊಂಡು ಹೋಗುವ ಕೆಲಸ ನನ್ನದಾಗಿತ್ತು. ಅಲ್ಲಿ ನನ್ನ ಕಣ್ಣು ಮಕ್ಕಳಿಗಿಂತ ಜಾಸ್ತಿ ಅವರ ಕೋಚ್‌ಗಳ ಮೇಲೇ ಇರುತ್ತಿತ್ತು. ಅವರಲ್ಲಿ ಹೆಚ್ಚಿನವರು ಸಂಬಳವಿಲ್ಲದೆ ಬಂದು ಕಲಿಸುವವರು. ಅದೇ ಮಕ್ಕಳ ಅಪ್ಪನೋ ಅಮ್ಮನೋ ಆಗಿರುತ್ತಾರೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಮಂಜುಗಡ್ಡೆಯ ಅಂಕಣ, ಕಾಲಿಗೆ ಸ್ಕೇಟ್ಸ್, ಕೈಯಲ್ಲಿ ಕೋಲು. ಚೆಂಡಿನ ಬದಲು ಪಕ್ ಎಂಬ ಚಪ್ಪಟೆ ರಬ್ಬರ್ ಬಿಲ್ಲೆ. ಗೋಲ್‌ಕೀಪರ್ ಸೇರಿ ಒಂದು ಕಡೆಗೆ ಆರು ಜನ. ಉತ್ತರ ಅಮೆರಿಕದಲ್ಲಿ ಅಂಕಣ 200 ಅಡಿ ಉದ್ದ, 85 ಅಡಿ ಅಗಲ.

ಅಷ್ಟು ದೊಡ್ಡ ಅಂಕಣಕ್ಕೆ ಆರೇಳು ವರ್ಷದ ಮಕ್ಕಳನ್ನು ಬಿಟ್ಟರೆ ಏನಾಗುತ್ತದೆ ಹೇಳಿ. ಚೆನ್ನಾಗಿ ಸ್ಕೇಟ್ ಮಾಡುವ ಒಬ್ಬ ಹುಡುಗ ಪಕ್ ತಗೊಂಡು ಈ ತುದಿಯಿಂದ ಆ ತುದಿಗೆ ಹೋಗಿ ಗೋಲು ಹಾಕುತ್ತಾನೆ. ಉಳಿದವರು ಸುಮ್ನೆ ಅವನ ಬೆನ್ನು ನೋಡಿಕೊಂಡು ಹಿಂದೆ ಹೋಗುತ್ತಾರೆ. ಎಷ್ಟೋ ಮಕ್ಕಳು ಪಕ್ಕನ್ನು ಒಮ್ಮೆಯೂ ಮುಟ್ಟದೆ ಮನೆಗೆ ಹೋಗುತ್ತಾರೆ. ಆದರೆ ತಂಡ ಗೆದ್ದಿರುತ್ತದೆ, ಕೋಚ್‌ಗೆ ಹೆಸರು ಬಂದಿರುತ್ತದೆ.

2009ರಲ್ಲಿ ಅಮೆರಿಕದ ಹಾಕಿ ಸಂಸ್ಥೆ ಯುಎಸ್‌ಎ ಹಾಕಿ ಇದನ್ನು ಬದಲಿಸಲು ಹೊರಟಿತು. ಎಂಟು ವರ್ಷದೊಳಗಿನ ಮಕ್ಕಳು ಅಂಕಣದ ಉದ್ದಕ್ಕೆ ಆಡುವುದು ಬೇಡ, ಅಗಲಕ್ಕೆ ಆಡಲಿ ಎಂದಿತು. ಒಂದು ದೊಡ್ಡ ಅಂಕಣ ಮೂರು ಚಿಕ್ಕ ಅಂಕಣವಾಯಿತು. ಪಕ್ ಕೂಡ ಹಗುರವಾಯಿತು. ದೊಡ್ಡವರ ಕಪ್ಪು ಪಕ್ ಸುಮಾರು 170 ಗ್ರಾಂ ತೂಗಿದರೆ, ಚಿಕ್ಕವರ ನೀಲಿ ಪಕ್ ಸುಮಾರು 113 ಗ್ರಾಂ. ಮಗುವಿನ ತೋಳಿಗೆ ತಕ್ಕ ತೂಕ. ಶುರುವಿನಲ್ಲಿ ಹೆತ್ತವರು ಗೊಣಗಿದರು. ಇದೂ ಒಂದು ಹಾಕೀನಾ ಅಂದರು. ಆದರೂ ಕೆನಡಾ ಕೂಡ 2017ರಲ್ಲಿ ಐದಾರು ವರ್ಷದ ಮಕ್ಕಳಿಗೆ ಚಿಕ್ಕ ಅಂಕಣವನ್ನೇ ದೇಶದಾದ್ಯಂತ ಕಡ್ಡಾಯ ಮಾಡಿತು.

ಚಿಕ್ಕ ಜಾಗದಲ್ಲಿ ಯಾರೂ ಅಡಗಿ ನಿಲ್ಲುವುದಕ್ಕೆ ಆಗುವುದಿಲ್ಲ. ಪಕ್ ಮತ್ತೆ ಮತ್ತೆ ಕಾಲಬುಡಕ್ಕೇ ಬರುತ್ತದೆ. ಎದುರಾಳಿ ಪಕ್ಕದಲ್ಲೇ ಇರುತ್ತಾನೆ. ತಲೆ ಎತ್ತಿ ನೋಡಬೇಕು, ತಿರುಗಬೇಕು, ಯಾರಿಗೆ ಕೊಡಬೇಕು ಅಂತ ಆ ಕ್ಷಣದಲ್ಲೇ ಯೋಚಿಸಬೇಕು. ಕೋಚ್ ಸಾಲಾಗಿ ನಿಲ್ಲಿಸಿ ಒಂದು ಗಂಟೆ ಪಾಠ ಹೇಳಿದರೂ ಇಷ್ಟು ಬರುವುದಿಲ್ಲ. ನಮ್ಮಲ್ಲೇ ನೋಡಿದ್ದೇನೆ. ಮಳೆಗಾಲದಲ್ಲಿ ಮೈದಾನ ಕೆಸರಾದಾಗ ಶಾಲೆಯ ಹಾಲ್‌ನಲ್ಲಿ ಡೆಸ್ಕುಗಳನ್ನು ಗೋಡೆಗೆ ಸರಿಸಿ, ಟೆನಿಸ್ ಬಾಲ್ ಕೊಟ್ಟು, ಮೂವರಿಗೆ ಮೂವರಂತೆ ಹುಡುಗಿಯರನ್ನು ಆಡಿಸುತ್ತಿದ್ದೆ. ಮಳೆ ನಿಂತು ಮೈದಾನಕ್ಕೆ ಇಳಿದಾಗ ಅವರ ಚೆಂಡಿನ ಹತೋಟಿಯೇ ಬೇರೆ ಇರುತ್ತಿತ್ತು.

ಹಾಗಿದ್ದೂ ನಾವು ಏನು ಮಾಡುತ್ತೇವೆ? ಆರನೇ ಕ್ಲಾಸಿನ ಮಕ್ಕಳ ಕೈಗೆ ದೊಡ್ಡವರ ಹಾಕಿ ಸ್ಟಿಕ್ ಕೊಡುತ್ತೇವೆ. 91 ಮೀಟರ್ ಉದ್ದದ ಮೈದಾನದಲ್ಲಿ ಓಡಿ ಅನ್ನುತ್ತೇವೆ. ಫುಟ್‌ಬಾಲ್‌ನಲ್ಲೂ ಅಷ್ಟೇ. ಎಂಟರಿಂದ ಹನ್ನೆರಡು ವರ್ಷದವರಿಗೆ 4ನೇ ಸೈಜಿನ ಚೆಂಡು ಇದೆ. ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ. ಆದರೂ ಶಾಲೆಗೆ ಬರುವುದು ದೊಡ್ಡವರ 5ನೇ ಸೈಜೇ.

ಇನ್ನು ಬೆಂಚಿನ ವಿಷಯ. ಐಸ್ ಹಾಕಿಯಲ್ಲಿ ಒಬ್ಬರು ಒಂದು ಸಲಕ್ಕೆ ಒಂದು ನಿಮಿಷದ ಆಸುಪಾಸು ಆಡಿ ಹೊರಗೆ ಬರುತ್ತಾರೆ, ಬೇರೆಯವರು ಇಳಿಯುತ್ತಾರೆ. ಆ ಓಟಕ್ಕೆ ಅದಕ್ಕಿಂತ ಜಾಸ್ತಿ ಉಸಿರು ಇರುವುದಿಲ್ಲ. ಚಿಕ್ಕವರ ಪಂದ್ಯದಲ್ಲಿ ಗಂಟೆ ಬಾರಿಸಿದ ಕೂಡಲೇ ಇಡೀ ಗುಂಪು ಬದಲಾಗಬೇಕು. ಯಾರು ಇಳಿಯಬೇಕು ಅನ್ನುವುದು ಕೋಚ್‌ನ ಕೈಯಲ್ಲಿಲ್ಲ, ಗಂಟೆಯ ಕೈಯಲ್ಲಿದೆ. ನನಗೆ ತುಂಬಾ ಹಿಡಿಸಿದ ನಿಯಮ ಇದು. ನಮ್ಮ ತಂಡಗಳಲ್ಲಿ ಜೆರ್ಸಿ ಹಾಕಿಕೊಂಡು ಇಡೀ ದಿನ ಕೂತೇ ಇರುವ ಮಕ್ಕಳಿದ್ದಾರೆ. 'ಮಿಸ್, ನಾನು ಇಳೀಲಾ?' ಅಂತ ಕೇಳುವ ದನಿಯನ್ನು ನೀವು ಒಮ್ಮೆ ಕೇಳಿಸಿಕೊಳ್ಳಬೇಕು.

ಈಗ ಹುಟ್ಟಿದ ತಿಂಗಳ ಕಥೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಮಕ್ಕಳನ್ನು ಆಯ್ಕೆ ಮಾಡುವ ಎಲ್ಲರಿಗೂ ಇದು ಗೊತ್ತಿರಬೇಕು. ರಾಜರ್ ಬಾರ್ನ್ಸ್ಲಿ ಎಂಬ ಕೆನಡಾದ ಮನಶ್ಶಾಸ್ತ್ರಜ್ಞರು ಮತ್ತು ಅವರ ಜೊತೆಯವರು 1985ರಲ್ಲಿ ಒಂದು ಸಂಗತಿಯನ್ನು ಬರೆದು ಪ್ರಕಟಿಸಿದರು. ದೊಡ್ಡ ಮಟ್ಟದ ಐಸ್ ಹಾಕಿ ಆಟಗಾರರಲ್ಲಿ ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರು ತುಂಬಾ ಜಾಸ್ತಿ, ಕೊನೆಯ ಮೂರು ತಿಂಗಳವರು ತುಂಬಾ ಕಮ್ಮಿ. ಜಾತಕದ ಮಾತಲ್ಲ ಇದು. ಅಲ್ಲಿ ವಯೋಮಿತಿಯ ಲೆಕ್ಕ ಜನವರಿ 1ರಿಂದ. ಜನವರಿಯಲ್ಲಿ ಹುಟ್ಟಿದ ಮಗುವೂ ಡಿಸೆಂಬರ್‌ನಲ್ಲಿ ಹುಟ್ಟಿದ ಮಗುವೂ ಒಂದೇ ಗುಂಪು. ಒಂಬತ್ತು ವರ್ಷದಲ್ಲಿ ಹನ್ನೊಂದು ತಿಂಗಳು ಅಂದರೆ ಎತ್ತರದಲ್ಲಿ, ಬಲದಲ್ಲಿ ಎದ್ದು ಕಾಣುವ ವ್ಯತ್ಯಾಸ. ಕೋಚ್ ದೊಡ್ಡ ಮಗುವನ್ನು ಆರಿಸುತ್ತಾರೆ. ಆರಿಸಿದ ಮಗುವಿಗೆ ಒಳ್ಳೆಯ ತರಬೇತಿ, ಜಾಸ್ತಿ ಪಂದ್ಯ, ಹೊಗಳಿಕೆ ಸಿಗುತ್ತದೆ. ಮೂರು ವರ್ಷ ಕಳೆದರೆ ಅದು ನಿಜವಾಗಿಯೂ ಚೆನ್ನಾಗಿ ಆಡುತ್ತಿರುತ್ತದೆ. ಡಿಸೆಂಬರ್ ಮಗು ಆ ಹೊತ್ತಿಗೆ ಆಟವನ್ನೇ ಬಿಟ್ಟಿರುತ್ತದೆ.

ನಮ್ಮ ಕಾಲದಲ್ಲಿ ಮೇಷ್ಟ್ರು ಎಷ್ಟೋ ಮಕ್ಕಳಿಗೆ ಜೂನ್ 1 ಅಂತಲೇ ಹುಟ್ಟಿದ ದಿನ ಬರೆದುಬಿಡುತ್ತಿದ್ದರು. ಈಗ ಹಾಗಿಲ್ಲ, ಜನನ ಪ್ರಮಾಣಪತ್ರ ಇದೆ. 14 ವರ್ಷದೊಳಗಿನವರ ತಂಡ ಆರಿಸುವಾಗ ಅದನ್ನು ಒಮ್ಮೆ ತೆಗೆದು ನೋಡಿ. 'ಇವಳು ಸಣ್ಣಗಿದ್ದಾಳೆ' ಅಂತ ಬಿಟ್ಟ ಹುಡುಗಿ ಪಕ್ಕದವಳಿಗಿಂತ ಒಂದೆರಡು ವರ್ಷ ಚಿಕ್ಕವಳಿರಬಹುದು. ಅವಳ ಕಾಲ್ಚಳಕ ನೋಡಿ, ಎತ್ತರ ನೋಡಬೇಡಿ. ವಯಸ್ಸು ತಿದ್ದಿ ದೊಡ್ಡ ಮಕ್ಕಳನ್ನು ಆಡಿಸುವವರಂತೂ ಇಂಥ ಮಕ್ಕಳ ಜಾಗವನ್ನೇ ಕಸಿಯುತ್ತಿದ್ದಾರೆ. ಆ ಕೆಲಸವನ್ನು ಜಾಣತನ ಅನ್ನುವುದನ್ನು ನಾವು ನಿಲ್ಲಿಸಬೇಕು.

ಪೆಟ್ಟಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಐಸ್ ಹಾಕಿಯಲ್ಲಿ ಮೈಯಿಂದ ಡಿಕ್ಕಿ ಹೊಡೆದು ಎದುರಾಳಿಯನ್ನು ತಡೆಯುವುದು ಆಟದ ಭಾಗ. ಒಂದು ಕಾಲಕ್ಕೆ ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ ಹನ್ನೊಂದು, ಹನ್ನೆರಡು ವರ್ಷದವರಿಗೂ ಅದಕ್ಕೆ ಒಪ್ಪಿಗೆ ಇತ್ತು, ಕ್ವಿಬೆಕ್ ಪ್ರಾಂತ್ಯದಲ್ಲಿ ಇರಲಿಲ್ಲ. ಎರಡೂ ಕಡೆಯ ಮಕ್ಕಳನ್ನು ಹೋಲಿಸಿದ ಅಧ್ಯಯನ 2010ರಲ್ಲಿ ಬಂತು. ಆಲ್ಬರ್ಟಾದ ಮಕ್ಕಳಿಗೆ ಮಿದುಳಿಗೆ ಪೆಟ್ಟಾಗುವ ಸಂಭವ ಮೂರು ಪಟ್ಟಿಗಿಂತ ಜಾಸ್ತಿ ಇತ್ತು. ಅಮೆರಿಕ 2011ರಲ್ಲಿ, ಕೆನಡಾ 2013ರಲ್ಲಿ ಆ ವಯಸ್ಸಿನವರಿಗೆ ಡಿಕ್ಕಿಯನ್ನು ನಿಲ್ಲಿಸಿದವು. ನಮ್ಮ ಕಬಡ್ಡಿ ಅಂಕಣದಲ್ಲಿ ತಲೆಗೆ ಪೆಟ್ಟು ಬಿದ್ದ ಮಗುವಿಗೆ ನೀರು ಚಿಮುಕಿಸಿ ಮತ್ತೆ ಇಳಿಸುವುದನ್ನು ಈಗಲೂ ನೋಡುತ್ತೇವೆ. ದಯವಿಟ್ಟು ಇಳಿಸಬೇಡಿ. ಅವತ್ತಿನ ಆಟ ಸಾಕು, ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.

ಹೆತ್ತವರಿಗೂ ಒಂದು ಮಾತು. ಐಸ್ ಹಾಕಿಯ ದಂತಕಥೆ ವೇಯ್ನ್ ಗ್ರೆಟ್ಸ್‌ಕಿ ಹತ್ತು ವರ್ಷದವನಿದ್ದಾಗ ಒಂದೇ ಋತುವಿನಲ್ಲಿ 378 ಗೋಲು ಹೊಡೆದ ಹುಡುಗ. ಅಪ್ಪ ಹಿತ್ತಿಲಲ್ಲೇ ನೀರು ಕಟ್ಟಿ ಮಂಜಿನ ಅಂಕಣ ಮಾಡಿಕೊಟ್ಟಿದ್ದರು. ಅಂಥ ಹುಡುಗನೂ ಬೇಸಿಗೆ ಬಂದರೆ ಬೇಸ್‌ಬಾಲ್ ಆಡುತ್ತಿದ್ದ, ಬಲೆ ಕಟ್ಟಿದ ಕೋಲಿನಿಂದ ಚೆಂಡು ಹಿಡಿದು ಎಸೆಯುವ ಲಕ್ರಾಸ್ ಆಡುತ್ತಿದ್ದ. ಹಾಗಾಗಿ ಎಂಟನೇ ವರ್ಷಕ್ಕೇ ಮಗುವನ್ನು ಒಂದೇ ಅಕಾಡೆಮಿಗೆ, ಒಂದೇ ಆಟಕ್ಕೆ ಕಟ್ಟಿಹಾಕಬೇಡಿ. ಖೋಖೋ ಆಡಿದ ಕಾಲು ಹಾಕಿಗೂ ಬರುತ್ತದೆ.

ಗೆಲುವು ಬೇಡ ಅಂತ ನಾನು ಹೇಳುತ್ತಿಲ್ಲ. ನಾರ್ವೆಯಲ್ಲಿ ಹದಿಮೂರು ತುಂಬುವ ವರ್ಷದವರೆಗೆ ಮಕ್ಕಳಿಗೆ ರಾಷ್ಟ್ರೀಯ ಚಾಂಪಿಯನ್‌ಶಿಪ್ ಇಡುವಂತಿಲ್ಲ. ಅಲ್ಲಿನ ಕ್ರೀಡಾ ಒಕ್ಕೂಟದ ನಿಯಮವೇ ಹಾಗಿದೆ. ನಮ್ಮ ಬೆಂಗಳೂರಿನ ಅರ್ಧದಷ್ಟು ಜನರೂ ಇಲ್ಲದ ಆ ದೇಶ 2018ರ ಮತ್ತು 2022ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಪದಕ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲಿತ್ತು. ಅಷ್ಟು ದೂರ ಯಾಕೆ, ನಮ್ಮ ಲಡಾಖನ್ನೇ ನೋಡಿ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೊಳಗಳ ಮೇಲೆ ಆಡಿ ಕಲಿತ ಹುಡುಗಿಯರೇ ಜಾಸ್ತಿ ಇರುವ ಭಾರತದ ಮಹಿಳಾ ತಂಡ 2025ರ ಏಷ್ಯಾ ಕಪ್ ಐಸ್ ಹಾಕಿಯಲ್ಲಿ ಕಂಚು ಗೆದ್ದಿತು. ಅಲ್ಲಿ ಒಬ್ಬೊಬ್ಬ ಹುಡುಗಿಯನ್ನೂ ಆಟದಲ್ಲಿ ಉಳಿಸಿಕೊಂಡರಷ್ಟೇ ತಂಡ ಆಗುತ್ತಿತ್ತು.

ನಮ್ಮ ಶಾಲೆಗಳಲ್ಲಿ ಇದಕ್ಕೆ ಬೇಕಾದ್ದು ದೊಡ್ಡ ಖರ್ಚಲ್ಲ. ಸುಣ್ಣದ ಪುಡಿ ಇದ್ದರೆ ಒಂದು ಮೈದಾನದಲ್ಲಿ ಮೂರು ಚಿಕ್ಕ ಅಂಕಣ ಹಾಕಬಹುದು. ಅಕ್ಕಪಕ್ಕದ ನಾಲ್ಕು ಶಾಲೆಯ ಶಿಕ್ಷಕರು ಮಾತಾಡಿಕೊಂಡರೆ ತಿಂಗಳಿಗೊಂದು ಶನಿವಾರ ಎಲ್ಲ ಮಕ್ಕಳನ್ನೂ ಸೇರಿಸಿ ಆಡಿಸಬಹುದು. ಐದು ನಿಮಿಷಕ್ಕೊಮ್ಮೆ ಶಾಲೆಯ ಗಂಟೆ ಹೊಡೆಯಿರಿ, ಗುಂಪು ಬದಲಾಗಲಿ.

ಹೆಡ್‌ಮಾಸ್ಟರರಿಗೆ, ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸದಸ್ಯರಿಗೆ ನನ್ನದೊಂದು ಕೋರಿಕೆ. ಜೂನ್‌ನಲ್ಲಿ ಸಭೆ ಸೇರಿದಾಗ ಪಿ.ಟಿ. ಶಿಕ್ಷಕರನ್ನು ಎಷ್ಟು ಕಪ್ ಬಂತು ಅಂತಷ್ಟೇ ಕೇಳಬೇಡಿ. ಕಳೆದ ವರ್ಷ ಮೈದಾನಕ್ಕೆ ಬರುತ್ತಿದ್ದ ಮಕ್ಕಳಲ್ಲಿ ಈ ವರ್ಷವೂ ಎಷ್ಟು ಮಂದಿ ಬಂದಿದ್ದಾರೆ, ಬಾರದವರು ಯಾಕೆ ಬಂದಿಲ್ಲ ಅಂತ ಹೆಸರು ಹಿಡಿದು ಕೇಳಿ. ಅದನ್ನೂ ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿ.

ನಮಸ್ಕಾರ.