ಬೇಡ ಅನ್ನುವ ಹಕ್ಕು ಯಾರದು?

ಕೇಳುಗರೇ, ನಮಸ್ಕಾರ.

ಅಮ್ಮನಿಗೆ ಹುಷಾರಿಲ್ಲದಾಗ ರಜೆ ಕೇಳಿ ಮ್ಯಾನೇಜರ್‌ಗೆ ನಾನು ಕಳಿಸಿದ ಮೆಸೇಜ್ ಆಫೀಸಿನ ಚಾಟ್‌ನಲ್ಲಿ ಇವತ್ತಿಗೂ ಇದೆ. ಅಮ್ಮನ ಶುಗರ್ ಎಷ್ಟಿತ್ತು, ಯಾವ ವಾರ್ಡಿಗೆ ಸೇರಿಸಿದೆವು, ಎಲ್ಲ ಬರೆದಿದ್ದೆ. ಅದು ಒಬ್ಬರಿಗೆಂದು ಬರೆದದ್ದು. ಇಂಥ ಮಾತುಗಳು ನಿಮ್ಮವೂ ಇರುತ್ತವೆ, ಅಲ್ವಾ? ಸಂಬಳದ ಮಾತು, ಮನಸ್ತಾಪದ ಮಾತು, ಗ್ರಾಹಕರ ಫೋನ್ ನಂಬರು.

2024ರ ಮೇ ತಿಂಗಳಲ್ಲಿ ಸ್ಲ್ಯಾಕ್ ಬಳಸುವವರು ಅದರ ಪ್ರೈವೆಸಿ ನಿಯಮಗಳನ್ನು ಓದಿ ಬೆಚ್ಚಿಬಿದ್ದರು. ಸ್ಲ್ಯಾಕ್ ಅಂದರೆ ಆಫೀಸಿನವರು ಮಾತಾಡಿಕೊಳ್ಳುವ ಚಾಟ್. ಬೆಂಗಳೂರಿನ ಎಷ್ಟೋ ಕಂಪನಿಗಳಲ್ಲೂ ಕೆಲಸ ನಡೆಯುವುದು ಅದರಲ್ಲೇ. ಮೆಸೇಜು, ಫೈಲುಗಳನ್ನು ನೋಡಿ ತನ್ನ ಮಷಿನ್ ಲರ್ನಿಂಗ್ ಮಾಡೆಲ್‌ಗಳನ್ನು, ಅಂದರೆ ಡೇಟಾ ನೋಡಿ ಕಲಿಯುವ ಸಾಫ್ಟ್‌ವೇರನ್ನು, ತಯಾರಿಸುತ್ತೇನೆ ಎಂದು ಆ ನಿಯಮ ಹೇಳುತ್ತಿತ್ತು. ಬೇಡ ಅನ್ನಬೇಕಾದರೆ ಒತ್ತಲು ಒಂದು ಬಟನ್ ಇರಲಿಲ್ಲ. ಈಮೇಲ್ ಕಳಿಸಬೇಕಿತ್ತು. ಅದರ ಸಬ್ಜೆಕ್ಟ್ ಕೂಡ ಅವರು ಹೇಳಿದ್ದೇ ಇರಬೇಕಿತ್ತು. ಅದನ್ನೂ ಕಂಪನಿಯ ಪರವಾಗಿ ಖಾತೆ ನೋಡಿಕೊಳ್ಳುವವರೇ ಕಳಿಸಬೇಕಿತ್ತು. ಮೆಸೇಜ್ ಬರೆದ ನೌಕರರಿಗೆ ಬೇಡ ಅನ್ನುವ ದಾರಿಯೇ ಇರಲಿಲ್ಲ.

ಗಲಾಟೆ ಎದ್ದ ಮೇಲೆ ಸ್ಲ್ಯಾಕ್ ವಿವರಣೆ ಕೊಟ್ಟಿತು. ಈ ಡೇಟಾ ಬಳಸುವುದು ಚಾನೆಲ್ ಅಂದರೆ ಚಾಟ್ ಗುಂಪುಗಳನ್ನು, ಇಮೋಜಿಗಳನ್ನು ಸೂಚಿಸಲು, ಹುಡುಕಾಟ ಸುಧಾರಿಸಲು. ಬರೆಯುವ, ಉತ್ತರ ಕೊಡುವ ದೊಡ್ಡ ಎಐ ಮಾಡೆಲ್‌ಗಳಿಗೆ ಇದನ್ನು ಕೊಡುವುದಿಲ್ಲ ಎಂದಿತು. ನಿಯಮದ ಭಾಷೆಯನ್ನೂ ತಿದ್ದಿತು. ಈ ವ್ಯತ್ಯಾಸ ಸಣ್ಣದಲ್ಲ. ಅದನ್ನು ಮುಚ್ಚಿಟ್ಟು ಬೈದರೆ ಅನ್ಯಾಯವಾಗುತ್ತದೆ. ಆದರೂ ನನ್ನ ಸಿಟ್ಟು ಇಳಿದಿಲ್ಲ. ನಾವು ಸುಮ್ನೆ ಇದ್ದದ್ದನ್ನೇ ಒಪ್ಪಿಗೆ ಎಂದುಕೊಂಡರಲ್ಲ! ಸಾಕು ಅನ್ನುವವರೆಗೂ ಬಡಿಸುವುದು ಮದುವೆಮನೆಯ ಪದ್ಧತಿ. ಬೇಡ ಅನ್ನುವವರೆಗೂ ನಮ್ಮ ಎಲೆಯಿಂದಲೇ ತೆಗೆದುಕೊಳ್ಳುವುದು ಯಾವ ಪದ್ಧತಿ?

ಅದಕ್ಕೂ ಮೊದಲು, 2023ರಲ್ಲಿ, ಝೂಮ್ ಕೂಡ ಇಂಥದ್ದೇ ನಿಯಮ ಬರೆದಿತ್ತು. ಆಗಸ್ಟ್‌ನಲ್ಲಿ ಜನ ಕೇಳಿದ ಮೇಲೆ, ಮೀಟಿಂಗಿನ ಮಾತು, ವಿಡಿಯೋ, ಚಾಟ್ ಯಾವುದನ್ನೂ ಎಐ ತರಬೇತಿಗೆ ಬಳಸುವುದಿಲ್ಲ ಎಂದು ಬದಲಿಸಿತು. ಕೇಳಿದರೆ ಬದಲಾಗುತ್ತದೆ ಅನ್ನುವುದಕ್ಕೆ ಇದನ್ನು ಹೇಳಿದೆ.

ನಮ್ಮ ದೇಶದಲ್ಲಿ 2023ರಲ್ಲೇ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆಯ ಕಾಯ್ದೆ ಬಂದಿದೆ. ನಿಯಮಗಳು ಹೊರಬಂದದ್ದು 2025ರ ನವೆಂಬರ್‌ನಲ್ಲಿ. ಒಪ್ಪಿಗೆ ಅಂದರೆ ವಿಷಯ ತಿಳಿದು, ತಾನಾಗಿ, ಸ್ಪಷ್ಟವಾಗಿ ಕೊಟ್ಟದ್ದಾಗಿರಬೇಕು ಎಂದು ಕಾಯ್ದೆ ಹೇಳುತ್ತದೆ. ಒಳ್ಳೆಯ ಮಾತು. ಆದರೆ ಅದೇ ಕಾಯ್ದೆಯ 7ನೇ ಸೆಕ್ಷನ್ನಿನಲ್ಲಿ ಉದ್ಯೋಗದ ಉದ್ದೇಶಕ್ಕೆ ನೌಕರರ ಒಪ್ಪಿಗೆ ಇಲ್ಲದೆಯೂ ಡೇಟಾ ಬಳಸಲು ಅವಕಾಶವಿದೆ. ಸಂಬಳ ಹಾಕಲು ನನ್ನ ಬ್ಯಾಂಕ್ ಖಾತೆ ಬೇಕು, ಸರಿ. ಬೇರೆ ಯಾವುದೋ ಕಂಪನಿಯ ಮಾಡೆಲ್ ಕಲಿಯಲು ನನ್ನ ಅಮ್ಮನ ಕಾಯಿಲೆ ಬೇಕೇ? ಅದು ಉದ್ಯೋಗದ ಉದ್ದೇಶ ಎಂದರೆ ನಾನಂತೂ ಒಪ್ಪುವುದಿಲ್ಲ.

ನಮ್ಮ ಆಫೀಸಿನ ಚಾಟ್ ಸ್ಲ್ಯಾಕ್ ಅಲ್ಲ, ಇನ್ನೊಂದು ಕಂಪನಿಯದು. ನಮ್ಮ ಮೆಸೇಜುಗಳು ಅಲ್ಲಿ ತರಬೇತಿಗೆ ಹೋಗುತ್ತಿವೆಯಾ, ನಿಲ್ಲಿಸುವಂತೆ ಯಾರಾದರೂ ಬರೆದಿದ್ದಾರಾ ಎಂದು ಕಳೆದ ವಾರ ಐಟಿ ವಿಭಾಗದವರನ್ನು ಕೇಳಿದೆ. "ನೋಡಿ ಹೇಳ್ತೀನಿ ಮೇಡಂ" ಅಂದರು. ಪಾಪ, ಅವರನ್ನು ಈ ಪ್ರಶ್ನೆ ಯಾರೂ ಕೇಳಿರಲಿಲ್ಲವಂತೆ. ಸೋಮವಾರ ಮತ್ತೆ ಹೋಗಿ ಕೇಳುತ್ತೇನೆ. ನೀವೂ ನಿಮ್ಮ ಆಫೀಸಿನಲ್ಲಿ ಒಮ್ಮೆ ಕೇಳಿ ನೋಡಿ.

ನಮಸ್ಕಾರ.