ಮಾತು ಬ್ಯಾರೆ, ಪಟ್ಟಿ ಬ್ಯಾರೆ

ಕೇಳುಗ ಬಂಧುಗಳಿಗೆ ಶರಣು.

ನಮ್ಮಪ್ಪನಿಗೆ ಓದಲು ಬರುತ್ತಿರಲಿಲ್ಲ. ಜೇವರ್ಗಿ ಕಡೆಯ ನಮ್ಮ ಹಳ್ಳಿಯಿಂದ ತೊಗರಿ ಚೀಲ ಹೇರಿಕೊಂಡು ಕಲಬುರಗಿ ಗಂಜಿಗೆ, ಅಂದರೆ ಕಾಳುಕಡಿ ಮಾರುಕಟ್ಟೆಗೆ, ಹೊರಟರೆ ನನ್ನನ್ನೂ ಗಾಡಿಯಲ್ಲಿ ಕೂರಿಸಿಕೊಳ್ಳುತ್ತಿದ್ದರು. ಆಗ ನಾನು ನಾಲ್ಕನೆಯ ತರಗತಿ. ಅಡತಿ ಅಂಗಡಿಯವರು ಗಾದಿಯ ಮೇಲೆ ಕೂರಿಸಿ, ಚಹಾ ತರಿಸಿ, ‘ಗೌಡ್ರ, ಇವತ್ತ್ ಗಂಜಿನ್ಯಾಗ ಎಲ್ಲಾರಕಿಂತ ಛಲೋ ರೇಟ್ ನಿಮ್ ಮಾಲಿಗೇ ಹಚ್ಚೀನಿ’ ಅನ್ನುತ್ತಿದ್ದರು. ಅಪ್ಪ ತಲೆ ಆಡಿಸಿ ಚಹಾ ಮುಗಿಸುತ್ತಿದ್ದರು. ಹೊರಗೆ ಬಂದು ಬೇವಿನ ಗಿಡದ ಬುಡಕ್ಕೆ ನಿಂತು, ಕಿಸೆಯಿಂದ ನಾಲ್ಕು ಮಡಿಕೆ ಮಾಡಿದ ಪಟ್ಟಿ ತೆಗೆದು ನನ್ನ ಕೈಗಿಟ್ಟು ‘ಓದು’ ಅನ್ನುತ್ತಿದ್ದರು. ತೂಕ, ರೇಟು, ಹಮಾಲಿ, ದಲಾಲಿ, ಉಳಿದದ್ದು ಇಷ್ಟು. ಒಂದು ಸಲ ಬಾಯಲ್ಲಿ ಹೇಳಿದ ರೇಟಿಗೂ ಪಟ್ಟಿಯ ರೇಟಿಗೂ ತಾಳೆಯಾಗಲಿಲ್ಲ. ಅಪ್ಪ ದನಿ ಏರಿಸಲಿಲ್ಲ. ಅದೇ ಪಟ್ಟಿ ಹಿಡಿದು ಒಳಗೆ ಹೋಗಿ, ‘ನೀವ್ ಅಂದದ್ದು ಇದ್ರಾಗ ಎಲ್ಲದ, ತೋರಿಸ್ರಿ’ ಅಂದರು.

ಮುಂದೆ ನಾನು ಮಾಸ್ತರನಾದೆ. ಹೈಸ್ಕೂಲು ಮಕ್ಕಳಿಗೆ ಪೌರನೀತಿ ಹೇಳಿಕೊಡುವಾಗ, ಸಂಸತ್ತಿನಲ್ಲಿ ಹಾಕುವ ಮತ ಅಂದರೆ ಏನು ಎಂಬುದಕ್ಕೆ ಈ ಪಟ್ಟಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಗಲೇ ಇಲ್ಲ. ಭಾಷಣ ಗಾದಿಯ ಮೇಲಿನ ಮಾತು. ಮತ, ಕಾಗದದ ಮೇಲೆ ಉಳಿಯುವ ಲೆಕ್ಕ. ಯುದ್ಧದ ವಿಷಯಕ್ಕೆ ಬಂದಾಗ ಇವೆರಡರ ನಡುವೆ ಎಷ್ಟು ಅಂತರ ಬೀಳುತ್ತದೆ ಎಂದು ನಾನು ಬಹಳ ವರ್ಷ ಗಮನಿಸಿದ್ದೇನೆ. ಅದರಲ್ಲಿ ಒಬ್ಬರ ಕಥೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಅಮೆರಿಕದ ಜಾನ್ ಕೆರಿ. ವಿಯೆಟ್ನಾಂ ಯುದ್ಧದಲ್ಲಿ ನೌಕಾಪಡೆಯ ಅಧಿಕಾರಿಯಾಗಿದ್ದವರು, ಗಾಯಗೊಂಡು ಪದಕ ಪಡೆದವರು. ಊರಿಗೆ ಮರಳಿದ ಮೇಲೆ ಅದೇ ಯುದ್ಧದ ವಿರುದ್ಧ ನಿಂತರು. 1971ರ ಏಪ್ರಿಲ್‌ನಲ್ಲಿ ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್ಟಿನ ವಿದೇಶಾಂಗ ಸಮಿತಿಯ ಮುಂದೆ ಕುಳಿತು, 27 ವರ್ಷದ ಆ ಹುಡುಗ ಕೇಳಿದ ಪ್ರಶ್ನೆಯನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ: ಒಂದು ತಪ್ಪಿಗಾಗಿ ಸಾಯುವವರಲ್ಲಿ ನೀನೇ ಕಡೆಯವನಾಗು ಅಂತ ಒಬ್ಬ ಮನುಷ್ಯನಿಗೆ ಯಾವ ಬಾಯಿಂದ ಹೇಳುತ್ತೀರಿ? ಇದನ್ನು ಓದಿದಾಗೆಲ್ಲ ನನ್ನ ಗಂಟಲು ಕಟ್ಟುತ್ತದೆ. ಹಣೆಗೆ ಕುಂಕುಮ ಹಚ್ಚಿಸಿಕೊಂಡು ಕಲಬುರಗಿ ಸ್ಟೇಷನ್ನಿನಲ್ಲಿ ರೈಲು ಹತ್ತಿ ಸೈನ್ಯಕ್ಕೆ ಹೋದ ನನ್ನ ಶಿಷ್ಯರ ಮುಖ ಕಣ್ಣ ಮುಂದೆ ಬರುತ್ತದೆ.

ಅದೇ ಕೆರಿ ಸೆನೆಟರ್ ಆದರು. 1991ರ ಕೊಲ್ಲಿ ಯುದ್ಧಕ್ಕೆ ಅನುಮತಿ ಕೇಳಿದಾಗ ಬೇಡ ಎಂದು ಮತ ಹಾಕಿದರು. ಅಲ್ಲಿಗೆ ಮಾತೂ ಪಟ್ಟಿಯೂ ಒಂದೇ. ಆಮೇಲೆ 2002ರ ಅಕ್ಟೋಬರ್ ಬಂತು. ಇರಾಕಿನ ಮೇಲೆ ಬಲ ಪ್ರಯೋಗಿಸುವ ಅಧಿಕಾರವನ್ನು ಅಧ್ಯಕ್ಷ ಬುಷ್ ಕೇಳಿದರು. ಅಲ್ಲಿನ ಸೆನೆಟ್ಟಿನಲ್ಲಿ ಹೆಸರು ಕೂಗಿ ಮತ ಕೇಳುತ್ತಾರೆ. ಒಬ್ಬೊಬ್ಬರ ಹೆಸರು, ಒಬ್ಬೊಬ್ಬರ ಉತ್ತರ. ಮಧ್ಯರಾತ್ರಿ ದಾಟಿದ ಮೇಲೆ ಎಣಿಕೆ ಮುಗಿಯಿತು. 77 ಪರ, 23 ವಿರೋಧ. ಪರವಾಗಿ ನಿಂತ 77ರಲ್ಲಿ ಕೆರಿ ಒಬ್ಬರು. ಹಿಲರಿ ಕ್ಲಿಂಟನ್, ಜೋ ಬೈಡನ್ ಕೂಡ ಅದೇ ಸಾಲಿನಲ್ಲಿದ್ದರು.

ಮರುವರ್ಷ ಮಾರ್ಚ್‌ನಲ್ಲಿ ಯುದ್ಧ ಶುರುವಾಯಿತು. ಇರಾಕಿನ ಬಳಿ ಯಾವ ಸಮೂಹನಾಶಕ ಅಸ್ತ್ರಗಳಿವೆ ಎಂದು ಯುದ್ಧಕ್ಕೆ ಇಳಿದಿದ್ದರೋ ಆ ಅಸ್ತ್ರಗಳು ಸಿಗಲಿಲ್ಲ. ಅಕ್ಟೋಬರ್‌ನಲ್ಲಿ ಇರಾಕ್ ಮತ್ತು ಅಫ್ಘಾನಿಸ್ತಾನದ ಖರ್ಚಿಗೆ 8,700 ಕೋಟಿ ಡಾಲರ್ ಬೇಕೆಂದು ಮಸೂದೆ ಬಂದಾಗ ಕೆರಿ ಅದರ ವಿರುದ್ಧ ಮತ ಹಾಕಿದರು. 2004ರಲ್ಲಿ ಅಧ್ಯಕ್ಷ ಪದವಿಗೆ ಅಭ್ಯರ್ಥಿಯಾಗಿ ಹೊರಟಾಗ ಜನ ಇದನ್ನೇ ಕೇಳಿದರು. ಆಗ ಅವರ ಬಾಯಿಂದ ಬಂದ ಮಾತು: ಆ ಹಣದ ವಿರುದ್ಧ ಮತ ಹಾಕುವ ಮೊದಲು ನಾನು ಅದರ ಪರವಾಗಿಯೇ ಮತ ಹಾಕಿದ್ದೆ.

ಇದಕ್ಕೊಂದು ವಿವರಣೆ ಇತ್ತು, ಅದನ್ನು ಹೇಳದಿದ್ದರೆ ನಾನು ಅನ್ಯಾಯ ಮಾಡಿದಂತೆ. ಶ್ರೀಮಂತರಿಗೆ ಕೊಟ್ಟ ತೆರಿಗೆ ರಿಯಾಯಿತಿ ಹಿಂತೆಗೆದು ಅದರಿಂದ ಯುದ್ಧದ ಖರ್ಚು ಭರಿಸಿರಿ ಎಂಬ ತಿದ್ದುಪಡಿಗೆ ಅವರು ಹೌದು ಎಂದಿದ್ದರು. ತಿದ್ದುಪಡಿ ಬಿದ್ದುಹೋಯಿತು. ಆದ್ದರಿಂದ ಮೂಲ ಮಸೂದೆಗೆ ಬೇಡ ಎಂದರು. ಆ ಎರಡನೆಯ ಮತದ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಯುದ್ಧಕ್ಕೆ ಹೌದು ಎಂದ 2002ರ ಮೊದಲ ಮತದ ಬಗ್ಗೆ. 2004ರ ಆಗಸ್ಟ್‌ನಲ್ಲಿ, ಈಗ ತಿಳಿದಿರುವುದೆಲ್ಲ ಆಗಲೇ ತಿಳಿದಿದ್ದರೂ ಅಧ್ಯಕ್ಷರಿಗೆ ಆ ಅಧಿಕಾರ ಕೊಡುತ್ತಿದ್ದೆ ಎಂದರು. ತಿಂಗಳು ತುಂಬುವುದರೊಳಗೆ, ಸೆಪ್ಟೆಂಬರ್‌ನಲ್ಲಿ, ಇದು ತಪ್ಪು ಜಾಗದಲ್ಲಿ, ತಪ್ಪು ಹೊತ್ತಿನಲ್ಲಿ ನಡೆದ ತಪ್ಪು ಯುದ್ಧ ಎಂದರು. ಇವೆರಡನ್ನೂ ಒಂದೇ ಮನಸ್ಸಿನಲ್ಲಿ ಹೇಗೆ ಇಟ್ಟುಕೊಂಡರೋ! ಕಡೆಯ ಮನುಷ್ಯನ ಬಗ್ಗೆ ಕೇಳಿದ್ದ ಆ ಹುಡುಗ ಈ ಸೆನೆಟರ್‌ನ ಎದುರು ಕುಳಿತಿದ್ದರೆ ಏನು ಕೇಳುತ್ತಿದ್ದ? ಆ ಯುದ್ಧದಲ್ಲಿ 4,400ಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಸತ್ತರು. ಇರಾಕಿನ ಸಾಮಾನ್ಯ ಜನ ಲಕ್ಷ ಮೀರಿ ಸತ್ತರು.

ಬೈಡನ್ ವಿಷಯ ಚಿಕ್ಕದು. ನನ್ನ ಆ ಮತ ತಪ್ಪಾಗಿತ್ತು ಎಂದು 2005ರಲ್ಲಿ ಒಪ್ಪಿಕೊಂಡರು. ಅದು ದೊಡ್ಡತನ. ಆದರೆ 2019ರಲ್ಲಿ ಒಂದು ರೇಡಿಯೊ ಸಂದರ್ಶನದಲ್ಲಿ, ಯುದ್ಧ ಶುರುವಾದ ಗಳಿಗೆಯಲ್ಲೇ ನಾನು ವಿರೋಧಿಸಿದ್ದೆ ಅಂದುಬಿಟ್ಟರು. ಹಳೆಯ ದಾಖಲೆ ತೆಗೆದು ತೋರಿಸಿದ ಮೇಲೆ, ಅದು ಬಾಯಿತಪ್ಪಿ ಬಂದ ಮಾತು ಎಂದು ಅವರ ಕಡೆಯವರೇ ಹೇಳಬೇಕಾಯಿತು. ಮನಸ್ಸು ಬದಲಾಗುವುದು ತಪ್ಪಲ್ಲ. ಹಾಕಿದ ಮತವನ್ನೇ ಹಾಕಿಲ್ಲ ಎಂಬಂತೆ ಮಾತಾಡಿದರೆ, ಸತ್ತವರ ಮನೆಯವರ ಮುಂದೆ ಅದೆಂಥ ಮಾತು?

ಇವರೆಲ್ಲರ ನಡುವೆ ಒಬ್ಬ ಹೆಣ್ಣುಮಗಳನ್ನು ನೆನೆಯುತ್ತೇನೆ. ಕ್ಯಾಲಿಫೋರ್ನಿಯಾದಿಂದ ಅಮೆರಿಕದ ಕೆಳಮನೆಗೆ ಆರಿಸಿಬಂದಿದ್ದ ಬಾರ್ಬರಾ ಲೀ. ನ್ಯೂಯಾರ್ಕಿನ ಗೋಪುರಗಳು ಉರುಳಿ ಮೂರೇ ದಿನವಾಗಿತ್ತು, 2001ರ ಸೆಪ್ಟೆಂಬರ್ 14. ಇಡೀ ದೇಶ ಸಿಟ್ಟಿನಲ್ಲಿ ಕುದಿಯುತ್ತಿತ್ತು. ಬಲ ಪ್ರಯೋಗದ ಅಧಿಕಾರಕ್ಕೆ ಕೆಳಮನೆಯಲ್ಲಿ 420 ಮತ ಪರ. ವಿರೋಧ ಒಂದೇ ಒಂದು, ಅವರದು. ಮಾತಾಡುವಾಗ ಅವರ ದನಿ ನಡುಗುತ್ತಿತ್ತು. ಆಮೇಲೆ ಜೀವ ಬೆದರಿಕೆ ಬಂತು, ಪೊಲೀಸ್ ಕಾವಲು ಹಾಕಬೇಕಾಯಿತು. ಆ ಮತ ಸರಿಯೋ ತಪ್ಪೋ ಎಂದು ನೀವು ವಾದಿಸಬಹುದು. ಅವರ ಮಾತಿಗೂ ಪಟ್ಟಿಗೂ ಮಾತ್ರ ಕೂದಲೆಳೆಯಷ್ಟೂ ಅಂತರವಿಲ್ಲ. ನಡೆ ನುಡಿ ಒಂದಾಗಿರಲಿ ಎಂದ ಶರಣರ ಕಲ್ಯಾಣ ನಮ್ಮ ಪಕ್ಕದಲ್ಲೇ ಇದೆ. ನಮಗೆ ಇಂಥವರ ಬೆಲೆ ಬೇರೆಯವರು ಹೇಳಿಕೊಡಬೇಕಿಲ್ಲ.

ಇನ್ನು ನಮ್ಮ ಮನೆಯ ಮಾತು. ನಮ್ಮಲ್ಲಿ ಯುದ್ಧದ ತೀರ್ಮಾನ ಕೇಂದ್ರ ಸಚಿವ ಸಂಪುಟದ್ದು. 1962ರಲ್ಲಿ ಚೀನಾ ಯುದ್ಧ ಅಕ್ಟೋಬರ್ 20ಕ್ಕೆ ಶುರುವಾಯಿತು. ಸಂಸತ್ತಿನ ನಿರ್ಣಯ ಬಂದದ್ದು ನವೆಂಬರ್ 14ಕ್ಕೆ, ಸದಸ್ಯರೆಲ್ಲ ಎದ್ದು ನಿಂತು ಒಪ್ಪಿದರು. ಉಳಿದ ವಿಷಯಗಳಲ್ಲೂ ಬಹಳಷ್ಟು ಧ್ವನಿಮತ. ಹೌದು ಎನ್ನುವವರು ಹೌದು ಎನ್ನುತ್ತಾರೆ, ಗದ್ದಲದಲ್ಲಿ ಯಾರ ಹೌದು ಯಾರದೆಂದು ಗೊತ್ತಾಗುವುದಿಲ್ಲ. ಯಾರಾದರೂ ಪಟ್ಟು ಹಿಡಿದು ಮತವಿಭಜನೆ ಕೇಳಿದರೆ ಮಾತ್ರ ಹೆಸರು ಹೆಸರಾಗಿ ದಾಖಲಾಗುತ್ತದೆ. 1985ರ ಪಕ್ಷಾಂತರ ನಿಷೇಧ ಕಾಯ್ದೆ ಬಂದ ಮೇಲೆ, ಪಕ್ಷದ ವಿಪ್, ಅಂದರೆ ಹೀಗೇ ಮತ ಹಾಕಿರಿ ಎಂಬ ಆದೇಶ, ಮೀರಿ ಮತ ಹಾಕಿದರೆ ಸದಸ್ಯತ್ವಕ್ಕೇ ಕುತ್ತು. ಹೀಗಾಗಿ ನಮ್ಮವರು ಯುದ್ಧದ ಬಗ್ಗೆ ವೇದಿಕೆ ಮೇಲೆ ಎಷ್ಟು ಆರ್ಭಟಿಸಿದರೂ, ಎಷ್ಟು ಶಾಂತಿ ಬೋಧಿಸಿದರೂ, ತಾಳೆ ನೋಡಲು ಪಟ್ಟಿಯೇ ಇರುವುದಿಲ್ಲ. ನನಗೆ ಇದು ಕೆರಿಯವರ ಎಡವಟ್ಟಿಗಿಂತ ದೊಡ್ಡ ಚಿಂತೆ.

2025ರ ಮೇ ತಿಂಗಳು. ಗಡಿಯಲ್ಲಿ ಗುಂಡಿನ ಸದ್ದು ಶುರುವಾಗಿತ್ತು. ಆಳಂದ ಕಡೆಯ ಒಬ್ಬ ತಾಯಿ ಬೆಳಿಗ್ಗೆ ಬೆಳಿಗ್ಗೆ ನಮ್ಮ ಮನೆಗೆ ಬಂದರು. ಮಗ ನನ್ನ ಶಿಷ್ಯ, ಜಮ್ಮು ಕಡೆ ಇದ್ದ, ಎರಡು ದಿನದಿಂದ ಫೋನ್ ಹತ್ತುತ್ತಿರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕುಳಿತಿದ್ದರು. ಚಹಾ ಆರಿಹೋಯಿತು.

‘ಮಾಸ್ತರ್ರ, ಇದಕ್ಕ ಯಾರ್ಯಾರು ಕೈ ಎತ್ತ್ಯಾರ್ರಿ?’ ಅಂತ ಕೇಳಿದರು.

ನಮ್ಮಲ್ಲಿ ಹಾಗೆ ಕೈ ಎತ್ತಿಸುವುದಿಲ್ಲ ತಾಯಿ, ಸಂಪುಟ ತೀರ್ಮಾನ ಮಾಡುತ್ತದೆ ಎಂದೆ. ನಾವು ಆರಿಸಿ ಕಳಿಸಿದವರು ಟೀವಿಯಲ್ಲಿ ಮಾತಾಡಿದ್ದಾರೆ, ಕೇಳಿದಿರೇನು ಎಂದೆ.

‘ಏನಂದಾರ ಅನ್ನೋದು ರಾತ್ರಿ ಪೂರಾ ಕೇಳೀನ್ರಿ,’ ಅಂದರು ಆ ತಾಯಿ. ‘ಏನ್ ಮಾಡ್ಯಾರ ಅಂತ ಕೇಳ್ಲತ್ತೀನಿ.’