ಮಾಡ್ತಿದ್ದೆ, ಮಾಡಾಕತ್ತಿದ್ದೆ: ಇಂಗ್ಲಿಷಿನ ಒಂದು ಕ್ರಿಯಾರೂಪದ ಬಗ್ಗೆ

(ರಾಯಚೂರಿನಲ್ಲಿ ಪದವಿ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸ)

ಗೆಳೆಯರೆ,

ನಮ್ಮ ಜಿಲ್ಲೆಯ ಸಂಗತಿಯಿಂದಲೇ ಶುರು ಮಾಡ್ತೀನಿ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಮಸ್ಕಿಯ ಸುತ್ತಮುತ್ತ ಚಿನ್ನ ಹುಡುಕುತ್ತಿದ್ದಾಗ ಬಂಡೆಯ ಮೇಲಿನ ಬರಹವೊಂದು ಕಣ್ಣಿಗೆ ಬಿತ್ತು. ಅದು ಅಶೋಕನ ಶಾಸನ. ಅದುವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ಅಶೋಕ ಅನ್ನುವ ಹೆಸರೇ ಮೊದಲು ಓದಸಿಕ್ಕಿದ್ದು ಮಸ್ಕಿಯ ಕಲ್ಲಿನಲ್ಲಿ.

ಇದನ್ನು ಇಂಗ್ಲಿಷಿನಲ್ಲಿ ಹೇಳೋಣ. ‘ಬೀಡನ್ ವಾಸ್ ಲುಕಿಂಗ್ ಫಾರ್ ಗೋಲ್ಡ್ ನಿಯರ್ ಮಸ್ಕಿ ವೆನ್ ಹಿ ಫೌಂಡ್ ದ ಇನ್‌ಸ್ಕ್ರಿಪ್ಶನ್.’ ‘ವಾಸ್ ಲುಕಿಂಗ್’ ಅನ್ನುವುದು ಇನ್ನೂ ಮುಗಿಯದ, ನಡೆದೇ ಇದ್ದ ಕೆಲಸ. ‘ಫೌಂಡ್’ ಅನ್ನುವುದು ಆ ಕೆಲಸದ ನಡುವೆ ಬಂದೊದಗಿದ ಘಟನೆ. ‘ವಾಸ್’ ಜೊತೆ ‘ಇಂಗ್’ ಹಚ್ಚುವ ಈ ಪಾಸ್ಟ್ ಕಂಟಿನ್ಯುಅಸ್‌ನ ಜೀವ ಇರುವುದು ಇಲ್ಲಿ. ಬರೀ ‘ವಾಸ್ ಲುಕಿಂಗ್’ ಎಂದು ನಿಲ್ಲಿಸಿದರೆ, ಕೇಳುವವನು ಮುಂದೇನಾಯ್ತು ಎಂದು ಕಾಯುತ್ತಾನೆ.

ಅದು ನನಗೆ ಗೊತ್ತಾದದ್ದು ಪುಸ್ತಕದಿಂದಲ್ಲ. ಮೊದಲ ಕೆಲಸದ ಸಂದರ್ಶನದಲ್ಲಿ ಮನೆಯ ಬಗ್ಗೆ ಕೇಳಿದರು. ‘ಮೈ ಫಾದರ್ ವಾಸ್ ಸೆಲ್ಲಿಂಗ್ ಮಿಲ್ಕ್ ಇನ್ ದ ವಿಲೇಜ್’ ಅಂದೆ. ಎದುರಿಗೆ ಕೂತವರು ತಲೆಯಾಡಿಸಿ ಸುಮ್ಮನೆ ನನ್ನ ಮುಖ ನೋಡಿದರು. ನಾನೂ ಸುಮ್ಮನಾದೆ. ಕೊನೆಗೆ ಅವರೇ ಮೆಲ್ಲಗೆ, ‘ಆಮೇಲೆ ಏನಾಯಿತು?’ ಅಂತ ಕೇಳಿದರು. ಅಪ್ಪನಿಗೆ ಹಾಲು ಮಾರುವಾಗ ಏನೋ ಆಗಿದೆ ಅಂದುಕೊಂಡಿದ್ದರು! ನಾನು ಹೇಳಬೇಕಿದ್ದದ್ದು ‘ಯೂಸ್ಡ್ ಟು ಸೆಲ್’. ದಿನಾ ಮಾರ್ತಿದ್ದ, ಅದು ಅವನ ಬದುಕಾಗಿತ್ತು ಅಂತ.

ತಪ್ಪಿನ ಮೂಲ ಎಲ್ಲಿದೆ ನೋಡಿ. ಶಾಲೆಯ ಕನ್ನಡದ ‘ಮಾರುತ್ತಿದ್ದರು’ ಎರಡೂ ಅರ್ಥಕ್ಕೆ ಸಲ್ಲುತ್ತದೆ: ಆ ಗಳಿಗೆಯಲ್ಲಿ ನಡೆದಿದ್ದ ಕೆಲಸಕ್ಕೂ, ದಿನದಿನದ ರೂಢಿಗೂ. ಆದರೆ ನಮ್ಮ ಮನೆಮಾತು ಹಾಗಲ್ಲ. ನಮ್ಮವ್ವ ‘ನಿಮ್ಮಪ್ಪ ಹಾಲು ಮಾರ್ತಿದ್ದ’ ಅಂದರೆ ರೂಢಿ. ‘ಹಾಲು ಮಾರಾಕತ್ತಿದ್ದ’ ಅಂದರೆ ಆ ಹೊತ್ತಿನ ಕೆಲಸ. ಕೆಲವರ ಮನೆಯಲ್ಲಿ ‘ಮಾರಲಿಕ್ಕತ್ತಿದ್ದ’ ಅಂತೀರಿ, ಎರಡೂ ಒಂದೇ. ಮಾರಲಿಕ್ಕೆ ಹತ್ತಿದ್ದ, ಕೆಲಸಕ್ಕೆ ಹತ್ತಿಕೊಂಡಿದ್ದ. ಇಂಗ್ಲಿಷು ಬೇಡುವ ಈ ಭೇದ ನಿಮ್ಮ ನಾಲಿಗೆಯ ಮೇಲೆ ಮೊದಲೇ ಇದೆ. ಈ ಮಾತನ್ನು ಹಳ್ಳಿ ಭಾಷೆ ಅಂತ ತರಗತಿಯ ಹೊರಗಿಟ್ಟು ಬರಬೇಡಿ ಎಂದು ಕೇಳಿಕೊಳ್ಳುವುದಕ್ಕೇ ನಾನು ಇವತ್ತು ಬಂದಿದ್ದು. ಇಂಗ್ಲಿಷ್ ಕಲಿಯಲು ಇದಕ್ಕಿಂತ ಒಳ್ಳೆಯ ಏಣಿ ನನಗೆ ಸಿಕ್ಕಿಲ್ಲ.

‘ಐ ವಾಸ್ ನೋಯಿಂಗ್’, ‘ಐ ವಾಸ್ ಹ್ಯಾವಿಂಗ್ ಎ ಸೈಕಲ್’ ಅಂತ ಬರೆಯುವವರು ಬಹಳ. ‘ನನ್ನ ಹತ್ರ ಸೈಕಲ್ ಇರಾಕತ್ತಿತ್ತು’ ಅಂತ ಯಾರಾದರೂ ಅಂತಾರೇನು? ಇಲ್ಲ. ಅಲ್ಲಿ ‘ಇಂಗ್’ ಕೂಡ ಕೂಡದು, ‘ಹ್ಯಾಡ್’ ಸಾಕು.

ಇನ್ನು ಕರ್ಮಪದ. ಇಂಗ್ಲಿಷಿನಲ್ಲಿ ‘ಅನ್ನು’ ಪ್ರತ್ಯಯ ಇಲ್ಲ. ಕ್ರಿಯಾಪದದ ಬೆನ್ನಿಗೆ ನಿಂತಿದ್ದೇ ಕರ್ಮ. ‘ನಿನ್ನೆ ಹೊಲದಾಗ ಹತ್ತಿ ಬಿಡಸಾಕತ್ತಿದ್ದೆ.’ ಕಾಲ, ಜಾಗ, ಕರ್ಮ, ಕ್ರಿಯೆ. ‘ಐ ವಾಸ್ ಪಿಕಿಂಗ್ ಕಾಟನ್ ಇನ್ ದ ಫೀಲ್ಡ್ ಯೆಸ್ಟರ್‌ಡೇ.’ ಕ್ರಿಯೆ, ಕರ್ಮ, ಜಾಗ, ಕಾಲ. ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವು. ‘ಹೊಲ’ದ ಹಿಂದೆ ಬರುವ ನಮ್ಮ ‘ದಾಗ’ ಕೂಡ ಅಲ್ಲಿ ‘ಇನ್’ ಆಗಿ ಮುಂದಕ್ಕೆ ಹೋಗಿದೆ. ನಮ್ಮ ವಾಕ್ಯವನ್ನು ಬಾಲದಿಂದ ತಲೆಗೆ ಓದಿದರೆ ಅರ್ಧ ಕೆಲಸ ಆದಂತೆ.

ಉಳಿದರ್ಧ ಕಷ್ಟದ್ದು. ಯಾವ ಕ್ರಿಯಾಪದಕ್ಕೆ ಯಾವ ಪ್ರಿಪೊಸಿಷನ್ (ಇನ್, ಫಾರ್, ಅಟ್ ಥರದ ಸಣ್ಣ ಪದ) ಅನ್ನುವುದು ನಮ್ಮ ವಿಭಕ್ತಿಯಿಂದ ಹೊಳೆಯುವುದಿಲ್ಲ. ನಾವು ‘ಬಸ್ ಕಾಯಾಕತ್ತಿದ್ದೆ’ ಅಂತೀವಿ, ಅವರಿಗೆ ‘ವೇಟಿಂಗ್ ಫಾರ್’ ಬೇಕೇ ಬೇಕು. ನಾವು ‘ಪರೀಕ್ಷೆ ಬಗ್ಗೆ ಚರ್ಚೆ ಮಾಡಾಕತ್ತಿದ್ವಿ’ ಅಂತೀವಿ, ಅವರ ‘ಡಿಸ್ಕಸಿಂಗ್’ಗೆ ‘ಅಬೌಟ್’ ಬೇಡವೇ ಬೇಡ. ಮತ್ತೆ ಮಸ್ಕಿಗೆ ಬನ್ನಿ. ಬೀಡನ್ ‘ಲುಕಿಂಗ್ ಫಾರ್ ಗೋಲ್ಡ್’ ಆಗಿದ್ದರೆ ಚಿನ್ನ ಇನ್ನೂ ಸಿಕ್ಕಿಲ್ಲ, ಹುಡುಕುತ್ತಿದ್ದಾನೆ. ‘ಲುಕಿಂಗ್ ಅಟ್’ ಅಂದರೆ ಚಿನ್ನ ಕಣ್ಣೆದುರಿಗಿದೆ. ‘ಲುಕಿಂಗ್ ಆಫ್ಟರ್’ ಅಂದರೆ ಕಾವಲಿಗಿದ್ದಾನೆ. ಒಂದು ಪುಟ್ಟ ಪದ ಆ ಮನುಷ್ಯನ ಉದ್ಯೋಗವನ್ನೇ ಬದಲಿಸಿತು. ಇವನ್ನು ಕ್ರಿಯಾಪದದ ಜೊತೆಗೇ, ಜೋಡಿಯಾಗಿ ಬಾಯಿಗೆ ಹತ್ತಿಸಿಕೊಳ್ಳಬೇಕು. ಬೇರೆ ದಾರಿ ಇಲ್ಲ.

‘ಐ ವಾಸ್ ವಾಚಿಂಗ್ ದ ಮಂಕೀಸ್ ಆನ್ ದ ಹಿಲ್.’ ಗುಡ್ಡದ ಮೇಲೆ ಯಾರಿದ್ದಾರೆ? ಮಂಗಗಳೋ, ನಾನೋ, ಎಲ್ಲರೂನೋ? ಇಂಗ್ಲಿಷು ಹೇಳುವುದಿಲ್ಲ. ನಾವು ‘ಗುಡ್ಡದ ಮ್ಯಾಲಿನ ಮಂಗ್ಯಾ’ ಅಂತ ಒಂದು ‘ಇನ’ ಸೇರಿಸಿ ತೀರ್ಮಾನ ಮಾಡಿಬಿಡ್ತೀವಿ. ಅವರು ‘ಫ್ರಮ್ ದ ಹಿಲ್’ ಅಂದರೆ ನಾನು ಗುಡ್ಡದ ಮೇಲೆ ಹತ್ತಿ ನಿಂತಿದ್ದೇನೆ ಎಂದು ತಿಳಿಯುತ್ತದೆ.

ಒಂದು ಎಚ್ಚರಿಕೆ. ನಾನು ಕೊಟ್ಟ ಏಣಿಗೆ ಮುರಿದ ಮೆಟ್ಟಿಲೂ ಇದೆ. ‘ಅವ್ವ ಹಸರು ಸೀರಿ ಉಟ್ಟು ಕಟ್ಟಿ ಮ್ಯಾಲೆ ಕುಂತಿದ್ಲು.’ ಇಲ್ಲಿ ‘ಆಕತ್ತಿದ್ಲು’ ಇಲ್ಲವೇ ಇಲ್ಲ. ಇಂಗ್ಲಿಷಿನಲ್ಲಿ ಮಾತ್ರ ‘ವಾಸ್ ವೇರಿಂಗ್’, ‘ವಾಸ್ ಸಿಟ್ಟಿಂಗ್’ ಅನ್ನಲೇಬೇಕು. ಕೂರುವುದು, ನಿಲ್ಲುವುದು, ಮಲಗುವುದು, ಉಡುವುದು ಇವೆಲ್ಲ ಈ ಗುಂಪಿನವು. ‘ಸೀರಿ ಉಡಾಕತ್ತಿದ್ಲು’ ಅಂದರೆ ಬೇರೆಯೇ ಚಿತ್ರ: ಬಾಗಿಲು ಮುಚ್ಚಿದೆ, ನೆರಿಗೆ ಇನ್ನೂ ಕೈಯಲ್ಲಿದೆ. ಅದಕ್ಕೆ ಅವರು ‘ವಾಸ್ ಪುಟಿಂಗ್ ಆನ್ ಎ ಸಾರಿ’ ಅಂತಾರೆ.